ಇಸವಿ ಗೊತ್ತು, ಬಾಗಿಲು ಗೊತ್ತಿಲ್ಲ

ಭಾನುವಾರದ ಬೆಳಗಿನಲ್ಲಿ ಪುಟ್ಟೇನಹಳ್ಳಿಯ ನಮ್ಮ ಮನೆಯ ವರಾಂಡದಲ್ಲಿ ಐದಾರು ಯುವಕ ಯುವತಿಯರು ಸೇರುವುದು ಕೆಲವು ವರ್ಷಗಳಿಂದ ರೂಢಿಯಾಗಿದೆ. ಎಲ್ಲರೂ ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುತ್ತಿರುವವರು. ಕೆಲವರದು ಎರಡನೆಯ ಯತ್ನ, ಕೆಲವರದು ಮೂರನೆಯದು. ರಾಜ್ಯದ ಇತಿಹಾಸ ಮತ್ತು ಪೌರಾಡಳಿತದ ಪಾಠಗಳನ್ನು ಅವರೊಡನೆ ಮತ್ತೊಮ್ಮೆ ತಿರುವಿಹಾಕುವುದು ನಿವೃತ್ತಿಯ ನಂತರ ನಾನು ಹಚ್ಚಿಕೊಂಡ ಕೆಲಸ.

2024ರ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಅದರ ಹಿಂದಿನ ವಾರವಷ್ಟೇ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ಮಳೆನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರಗೆ ಕರೆತರಬೇಕಾಗಿ ಬಂದಿತ್ತು. ನಾನು ಎಂದಿನಂತೆ ಪ್ರಶ್ನೆಗಳನ್ನು ಕೇಳುತ್ತ ಹೋದೆ. ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದದ್ದು? 1881. ಏಕೀಕರಣ? 1956ರ ನವೆಂಬರ್ 1. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು? 1973. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು? 1993ರ ಜೂನ್ 1. ಒಬ್ಬರೂ ತಡವರಿಸಲಿಲ್ಲ. ಆಗ ಪುಸ್ತಕ ಮುಚ್ಚಿ ಒಂದು ಪ್ರಶ್ನೆ ಕೇಳಿದೆ: 'ನಾಳೆ ಇದೇ ಪುಟ್ಟೇನಹಳ್ಳಿ ಕೆರೆಗೆ ಕೊಳಚೆ ನೀರು ಸೇರತೊಡಗಿದರೆ ನೀವು ಯಾರ ಬಾಗಿಲು ತಟ್ಟುತ್ತೀರಿ?'

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಅರಣ್ಯ ಇಲಾಖೆ ಎಂದ. ಇನ್ನೊಬ್ಬ ಜಲಮಂಡಳಿ ಎಂದ. ಮೂರನೆಯವನು ಬಿಬಿಎಂಪಿ ಎಂದು ಹೇಳಿ, ತನಗೇ ನಂಬಿಕೆಯಿಲ್ಲದೆ ಸುಮ್ಮನಾದ. ಕೊನೆಗೆ ಒಬ್ಬ ಹುಡುಗಿ, 'ಸರ್, ಒಂದು ವಿಡಿಯೋ ಮಾಡಿ ಹಾಕ್ತೀನಿ' ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಯೋಚಿಸಿದಾಗ, ಇದ್ದುದರಲ್ಲಿ ಕಾರ್ಯಸಾಧ್ಯವಾದ ಉತ್ತರ ಅವಳದೇ ಎಂದು ತೋರಿ ಮನಸ್ಸಿಗೆ ಕಸಿವಿಸಿಯಾಯಿತು.

ಹಾಗೆ ನೋಡಿದರೆ ಮೊದಲ ಮೂವರು ಹೇಳಿದ್ದೂ ತಪ್ಪಲ್ಲ. ನಮ್ಮ ಕೆರೆಯನ್ನು ಸರ್ಕಾರ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಅದರ ಹೊಣೆ ಅರಣ್ಯ ಇಲಾಖೆಯದು. ಒಳಚರಂಡಿ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯದು. ಮಳೆನೀರಿನ ಕಾಲುವೆ ಪಾಲಿಕೆಯದು. ಕೆರೆಗಳ ರಕ್ಷಣೆಗೆಂದೇ 2014ರ ಕಾಯ್ದೆಯ ಮೂಲಕ ರಚಿತವಾದ ಪ್ರಾಧಿಕಾರ ಬೇರೆಯೇ ಇದೆ. ಸುತ್ತಲಿನ ಬಡಾವಣೆಗಳಿಗೆ ನಕ್ಷೆ ಮಂಜೂರು ಮಾಡಿದ ಸಂಸ್ಥೆ ಇನ್ನೊಂದು. ನೀರಿಗೆ ಮಾತ್ರ ಈ ಗಡಿಗಳು ತಿಳಿಯವು. ಕೊಳಚೆ ಕೊಳವೆಯಲ್ಲಿರುವಾಗ ಒಬ್ಬರದು, ಕಾಲುವೆಗೆ ಬಿದ್ದಾಗ ಇನ್ನೊಬ್ಬರದು, ಕೆರೆ ಸೇರಿದಾಗ ಮತ್ತೊಬ್ಬರದು. ಪ್ರತಿಯೊಬ್ಬರೂ ಕಾನೂನಿನ ಪ್ರಕಾರವೇ 'ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಹಿಂಬರಹ ನೀಡಬಹುದು.

ಹಿಂದೆ ಹಳ್ಳಿಯ ಕೆರೆಗೆ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವವನು, ಇಳಿಸುವವನು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಕೂಗಿ ಹೇಳುವವನು ಅವನೇ. ಅವನ ಮನೆ ಎಲ್ಲಿದೆಯೆಂದು ಮಕ್ಕಳಿಗೂ ಗೊತ್ತಿರುತ್ತಿತ್ತು. ಆ ವ್ಯವಸ್ಥೆಯನ್ನು ನಾನು ಹೊಗಳುತ್ತಿಲ್ಲ. ಗ್ರಾಮದ ಹುದ್ದೆಗಳು ವಂಶಪಾರಂಪರ್ಯವಾಗಿದ್ದವು, ಜಾತಿಗೆ ಅಂಟಿಕೊಂಡಿದ್ದವು. ಯಾರು ಯಾರನ್ನು ಪ್ರಶ್ನಿಸಬಹುದು ಎಂಬುದೂ ಹುಟ್ಟಿನಿಂದಲೇ ನಿರ್ಧಾರವಾಗುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಅದನ್ನು ಕೊನೆಗಾಣಿಸಿದ್ದು ನ್ಯಾಯವೇ. ಆದರೆ ಹಳೆಯ ಬಾಗಿಲನ್ನು ಮುಚ್ಚಿದವರು ಅದರ ಜಾಗದಲ್ಲಿ ಹೊಸ ಬಾಗಿಲನ್ನು ಇಟ್ಟರೇ? ನಮ್ಮ ರಾಜ್ಯದ ಇತಿಹಾಸವನ್ನು ಈ ಒಂದು ಪ್ರಶ್ನೆಯನ್ನು ಹಿಡಿದು ಓದಿದರೆ ಇಸವಿಗಳ ಪಟ್ಟಿಗೆ ಅರ್ಥ ಬರುತ್ತದೆ.

ಬೆಂಗಳೂರಿನ ಪೇಟೆಗೂ ದಂಡು ಪ್ರದೇಶಕ್ಕೂ 1862ರಲ್ಲಿ ಪ್ರತ್ಯೇಕ ಪೌರಸಂಸ್ಥೆಗಳು ರಚನೆಯಾದವು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಸೇರಿದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಆ ವರ್ಷದ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಸೇರಿದ 144 ಸದಸ್ಯರಲ್ಲಿ ಚುನಾಯಿತರು ಯಾರೂ ಇರಲಿಲ್ಲ. ತಾಲ್ಲೂಕುಗಳ ಜಮೀನುದಾರರು, ಜಿಲ್ಲೆಗಳ ವರ್ತಕರು ಆಯ್ದು ಬಂದಿದ್ದರು. ಸರ್ಕಾರದ ವರದಿಯನ್ನು ಕೇಳುವುದು, ತಮ್ಮ ಭಾಗದ ಕುಂದುಕೊರತೆಗಳನ್ನು ಅರಿಕೆ ಮಾಡುವುದು, ಇಷ್ಟೇ ಅವರ ಅಧಿಕಾರ. ಒಪ್ಪುವುದು ಬಿಡುವುದು ದಿವಾನರಿಗೆ ಸೇರಿದ್ದು. ಆದರೂ ದೇಶೀಯ ಸಂಸ್ಥಾನಗಳಲ್ಲಿ ಅದು ದೊಡ್ಡ ಹೆಜ್ಜೆ. 1891ರಲ್ಲಿ ಚುನಾವಣೆ ಬಂತು, ಆದರೆ ಮತ ಆಸ್ತಿವಂತರಿಗೆ ಸೀಮಿತವಾಗಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆ, 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ, 1947ರ ಅಕ್ಟೋಬರ್‌ನಲ್ಲಿ 'ಮೈಸೂರು ಚಲೋ' ಚಳವಳಿಯ ಫಲವಾಗಿ ಕೆ.ಸಿ. ರೆಡ್ಡಿ ಅವರ ನೇತೃತ್ವದ ಜವಾಬ್ದಾರಿ ಸರ್ಕಾರ. ಅರಿಕೆಯು ಹಕ್ಕಾಗಲು ಅರವತ್ತಾರು ವರ್ಷ ಹಿಡಿಯಿತು.

ನಗರದಲ್ಲಿ 1949ರಲ್ಲಿ ಪೇಟೆ ಮತ್ತು ದಂಡು ಒಂದಾಗಿ ಕಾರ್ಪೊರೇಷನ್ ಹುಟ್ಟಿತು. ಏಕೀಕರಣದಿಂದ ಮುಂಬಯಿ, ಹೈದರಾಬಾದ್, ಮದರಾಸು ಪ್ರಾಂತ್ಯಗಳ ಭಾಗಗಳೂ ಕೊಡಗೂ ಸೇರಿದಾಗ ಒಂದೊಂದು ಸೀಮೆಯ ಪುರಸಭೆಗೆ ಒಂದೊಂದು ಕಾನೂನಿತ್ತು. 1964ರ ಪುರಸಭೆಗಳ ಕಾಯ್ದೆ ಅವನ್ನು ಒಂದು ಚೌಕಟ್ಟಿಗೆ ತಂದಿತು. ಆದರೆ ಅದೇ ವರ್ಷ ಬೆಂಗಳೂರಿನಲ್ಲಿ ನೀರು ಮತ್ತು ಒಳಚರಂಡಿಯ ಕೆಲಸ ಪಾಲಿಕೆಯ ಕೈತಪ್ಪಿ ರಾಜ್ಯ ಸರ್ಕಾರದ ಮಂಡಳಿಗೆ ಹೋಯಿತೆಂಬುದನ್ನು ಗಮನಿಸಬೇಕು. 1976ರ ಕಾಯ್ದೆಯೊಡನೆ ನಗರ ಯೋಜನೆ ಅಭಿವೃದ್ಧಿ ಪ್ರಾಧಿಕಾರದ ಪಾಲಾಯಿತು. ಚುನಾಯಿತ ಸಭೆಗೆ ಉಳಿದದ್ದು ಕಸ, ರಸ್ತೆ, ದೀಪ, ಚರಂಡಿ. ಜನ ಬಯ್ಯುವ ಕೆಲಸಗಳೆಲ್ಲ ಸಭೆಗೆ ಉಳಿದವು, ನಗರದ ಭವಿಷ್ಯ ನಿರ್ಧರಿಸುವ ಕೆಲಸಗಳು ಬೇರೆಡೆಗೆ ಹೋದವು.

ಹಳ್ಳಿಗಾಡಿನಲ್ಲಿ ಇದರ ವಿರುದ್ಧ ದಿಕ್ಕಿನ ಪ್ರಯೋಗವೊಂದು ಇದೇ ರಾಜ್ಯದಲ್ಲಿ ನಡೆಯಿತು. ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದವು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಯಿತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯರಾದ ಮುಖ್ಯ ಕಾರ್ಯದರ್ಶಿ. ಆಗಷ್ಟೇ ಸೇವೆಗೆ ಸೇರಿದ್ದ ನಾನು, ಹಿರಿಯ ಅಧಿಕಾರಿಗಳು ಶಾಲಾ ಶಿಕ್ಷಕರ ಕೊರತೆಯ ಬಗ್ಗೆ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರಿಸಲು ರಾತ್ರಿಯೆಲ್ಲ ಕಡತ ಹುಡುಕಿದ್ದನ್ನು ಕಂಡಿದ್ದೇನೆ. ಆ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ. 1992ರಲ್ಲಿ ಆಡಳಿತಾಧಿಕಾರಿಗಳು ಬಂದರು. ಹೀಗಾಗಬಾರದೆಂದೇ ಸಂವಿಧಾನಕ್ಕೆ 73 ಮತ್ತು 74ನೇ ತಿದ್ದುಪಡಿಗಳು ಬಂದದ್ದು. ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ, ಅದನ್ನು ನಡೆಸಲು ರಾಜ್ಯ ಚುನಾವಣಾ ಆಯೋಗ, ಹಣ ಹಂಚಿಕೆಗೆ ರಾಜ್ಯ ಹಣಕಾಸು ಆಯೋಗ, ನಗರಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿ. ಪೌರಾಡಳಿತದ ಮೂಲಪಾಠವೆಲ್ಲ ಇಷ್ಟರಲ್ಲಿದೆ.

ಈ ಪಾಠ ಬೆಂಗಳೂರಿನಲ್ಲಿ ಏನಾಯಿತು? 2006ರ ನವೆಂಬರ್‌ನಲ್ಲಿ ಹಳೆಯ ಪಾಲಿಕೆಯ ಅವಧಿ ಮುಗಿಯಿತು. 2007ರಲ್ಲಿ ನಮ್ಮ ಯಲಹಂಕವೂ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬೃಹತ್ ಪಾಲಿಕೆ ರಚಿಸಲಾಯಿತು. ಚುನಾವಣೆ ನಡೆದದ್ದು 2010ರಲ್ಲಿ. ಎರಡನೆಯದು 2015ರಲ್ಲಿ. ಆ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಮೂರನೆಯ ಸಭೆ ಕೂಡಲೇ ಇಲ್ಲ. 198 ವಾರ್ಡುಗಳು 243 ಆದವು, ಆಮೇಲೆ 225 ಆದವು. ಪಕ್ಷ ಬದಲಾದಂತೆ ಗಡಿರೇಖೆಗಳು ಬದಲಾದವು. 2025ರ ಸೆಪ್ಟೆಂಬರ್ 2ರಂದು ಪಾಲಿಕೆ ಐದಾಗಿ ಒಡೆದು, ನಾವು ಉತ್ತರ ನಗರ ಪಾಲಿಕೆಯವರಾದೆವು. ಹದಿನೆಂಟು ವರ್ಷ ಎಂಟು ತಿಂಗಳು ಬಾಳಿದ ಬಿಬಿಎಂಪಿ, ಅದರಲ್ಲಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಚುನಾಯಿತ ಸಭೆಯಿಲ್ಲದೆಯೇ ನಡೆಯಿತು. ಕೋವಿಡ್ ಕಾರಣವೆನ್ನುವಂತಿಲ್ಲ. 2020ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯವೇ ಗ್ರಾಮ ಪಂಚಾಯಿತಿ ಚುನಾವಣೆಗಳನ್ನು ನಡೆಸಿತು. ವಾರ್ಡು ವಿಂಗಡಣೆಯೂ ನೆಪವಾಗಲಾರದು. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ 2006ರಲ್ಲೇ ಸುಪ್ರೀಂ ಕೋರ್ಟ್ ಸಕಾಲದ ಚುನಾವಣೆ ಸಂವಿಧಾನದ ಕಟ್ಟುಪಾಡು ಎಂದು ಸ್ಪಷ್ಟಪಡಿಸಿದೆ.

'ಕಾರ್ಪೊರೇಟರುಗಳಿದ್ದಾಗ ಏನು ಸ್ವರ್ಗ ಇಳಿದಿತ್ತು? ಅಧಿಕಾರಿಗಳೇ ವಾಸಿ' ಎಂಬ ಮಾತನ್ನು ನಮ್ಮ ಬಡಾವಣೆಗಳಲ್ಲಿ ಸಜ್ಜನರ ಬಾಯಲ್ಲೇ ಕೇಳುತ್ತೇನೆ. ಗುತ್ತಿಗೆದಾರರೊಡನೆ ಸದಸ್ಯರ ನಂಟು, ಒಂದೇ ವರ್ಷದ ಮೇಯರ್ ಅವಧಿ, ಸಭೆಯಲ್ಲಿ ಕೂಗಾಟ, ಇವೆಲ್ಲ ಸುಳ್ಳಲ್ಲ. ಆದರೆ ಅಧಿಕಾರಿಯಾಗಿದ್ದ ನಾನು ಆ ಮಾತನ್ನು ಒಪ್ಪಲಾರೆ. ಅದಕ್ಕೆ ಕಾರಣ ನನ್ನದೇ ಒಂದು ತಪ್ಪು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬಯಲುಸೀಮೆಯ ಒಂದು ಪುರಸಭೆಗೆ ನಾನು ಆಡಳಿತಾಧಿಕಾರಿಯಾಗಿದ್ದೆ. ಸಭೆಯ ಅಧಿಕಾರವೆಲ್ಲ ನನ್ನಲ್ಲಿತ್ತು. ಠರಾವು ಮಂಡಿಸುವವನೂ ನಾನೇ, ಅನುಮೋದಿಸುವವನೂ ನಾನೇ, ಜಾರಿಗೊಳಿಸುವವನೂ ನಾನೇ. ಊರ ನಡುವಿನ ಇಕ್ಕಟ್ಟಾದ ಸಂತೆಯನ್ನು ಹೊರವಲಯದ ವಿಶಾಲವಾದ ಸರ್ಕಾರಿ ಜಾಗಕ್ಕೆ ಸ್ಥಳಾಂತರಿಸಿದೆ. ಕಡತ ಹನ್ನೊಂದು ದಿನಗಳಲ್ಲಿ ಮುಗಿಯಿತು. ಮೇಲಧಿಕಾರಿಗಳು ಬೆನ್ನು ತಟ್ಟಿದರು. ಆ ವರ್ಷ ಮಳೆ ಚೆನ್ನಾಗಿ ಬಂದು ಕೆರೆ ಕೋಡಿ ಬಿತ್ತು. ಸಂತೆಯ ದಿನ ಮಧ್ಯಾಹ್ನ ಕೋಡಿಯ ನೀರು ಹೊಸ ಜಾಗದ ನಡುವೆಯೇ ಹರಿಯಿತು. ಈರುಳ್ಳಿ, ಒಣಮೆಣಸಿನಕಾಯಿ, ಕಾಳಿನ ಮೂಟೆಗಳು ಕೆಸರಿನಲ್ಲಿ ತೇಲುತ್ತಿದ್ದವು. ನಾನು ಜೀಪಿನಿಂದ ಇಳಿದಾಗ ವಯಸ್ಸಾದ ವ್ಯಾಪಾರಿ ಹೆಂಗಸೊಬ್ಬಳು ಸೆರಗಿನಲ್ಲಿ ಮೆಣಸಿನಕಾಯಿ ಬಳಿಯುತ್ತ ತಲೆಯೆತ್ತಿ ಹೇಳಿದಳು: 'ಕೋಡಿ ಬಿದ್ರೆ ನೀರು ಇಲ್ಲೇ ಹರಿಯೋದು ಅಂತ ಊರಿಗೆಲ್ಲ ಗೊತ್ತು ಸ್ವಾಮಿ. ನೀವು ಯಾರನ್ನ ಕೇಳಿದ್ರಿ?'

ನಾನು ಯಾರನ್ನೂ ಕೇಳಿರಲಿಲ್ಲ. ಕಡತದಲ್ಲಿ ಅಳತೆಯಿತ್ತು, ಅಂದಾಜುಪಟ್ಟಿಯಿತ್ತು, ನಕ್ಷೆಯಿತ್ತು. ಆ ಭಾಗದ ಒಬ್ಬನೇ ಒಬ್ಬ ಸದಸ್ಯ ಸಭೆಯಲ್ಲಿದ್ದಿದ್ದರೆ, ಅವನು ಎಷ್ಟೇ ಸ್ವಾರ್ಥಿಯಾಗಿರಲಿ, ಮತ ಕಳೆದುಕೊಳ್ಳುವ ಭಯಕ್ಕಾದರೂ ಎದ್ದು ನಿಂತು ಕೂಗಾಡುತ್ತಿದ್ದ, ಕಡತ ಮೂರು ತಿಂಗಳು ತಡವಾಗುತ್ತಿತ್ತು, ಸಂತೆ ಮುಳುಗುತ್ತಿರಲಿಲ್ಲ. ತಪ್ಪು ಮಾಡಿದ ನನಗೆ ಆದದ್ದೇನು? ಕೆಲವು ತಿಂಗಳ ನಂತರ ಎಂದಿನಂತೆ ವರ್ಗಾವಣೆ. ನಷ್ಟ ಅನುಭವಿಸಿದವರಿಗೆ ನನ್ನನ್ನು ಕೆಳಗಿಳಿಸುವ ದಾರಿಯೇ ಇರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತದ್ದನ್ನು ಆ ಹೆಂಗಸು ಒಂದೇ ಪ್ರಶ್ನೆಯಲ್ಲಿ ಹೇಳಿದ್ದಳು. ಸ್ಥಳೀಯ ತಿಳಿವಳಿಕೆ ಸ್ಥಳದಲ್ಲೇ ಇರುತ್ತದೆ; ಅದು ಮೇಲಕ್ಕೆ ಹರಿಯಬೇಕಾದರೆ ಅದನ್ನು ಹೊತ್ತು ತರುವವನಿಗೆ ಅದರಲ್ಲಿ ಲಾಭವೋ ಭಯವೋ ಇರಬೇಕು. ಹಾಗೆಯೇ ತೆರಿಗೆ ಕಟ್ಟುವವನಿಗೂ ಖರ್ಚು ಮಾಡುವವನಿಗೂ ನಡುವೆ ನೇರ ನಂಟಿರಬೇಕು. ಬೆಂಗಳೂರಿನಲ್ಲಿ 2000ದಲ್ಲಿ ಸ್ವಯಂಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂದಾಗ ನಾಗರಿಕರು ತಾವೇ ಲೆಕ್ಕ ಹಾಕಿ ಕಟ್ಟತೊಡಗಿದರು. ಸರ್ಕಾರ ನಮ್ಮ ಲೆಕ್ಕವನ್ನು ನಂಬಿತು. ಆದರೆ ಆ ಹಣದ ಲೆಕ್ಕವನ್ನು ನಮ್ಮ ಪರವಾಗಿ ಕೇಳಬೇಕಾದ ಸಭೆ ವರ್ಷಗಟ್ಟಲೆ ಇರಲಿಲ್ಲ. ಆ ವರ್ಷಗಳಲ್ಲಿ ನಾವು ಅಧಿಕಾರಿಗಳಿಗೆ ಮನವಿ ಕಳುಹಿಸಿದೆವು, ಫೋಟೊ ಕಳುಹಿಸಿದೆವು. ಉತ್ತರಿಸುವುದು ಬಿಡುವುದು ಅವರ ಸೌಜನ್ಯಕ್ಕೆ ಬಿಟ್ಟದ್ದು. ಇದು 1881ರ ಸದಸ್ಯನ ಸ್ಥಿತಿಗಿಂತಲೂ ಕೆಳಗಿನದು; ಅವನಿಗೆ ವರ್ಷಕ್ಕೊಮ್ಮೆಯಾದರೂ ದಿವಾನರ ಎದುರು ನಿಂತು ಮಾತನಾಡುವ ಅವಕಾಶವಿತ್ತು.

ಐದು ಪಾಲಿಕೆಗಳ ಹೊಸ ವ್ಯವಸ್ಥೆಯಿಂದ ಆಡಳಿತ ಹತ್ತಿರವಾಗುತ್ತದೆ ಎನ್ನುತ್ತಾರೆ. ಆಗಲಿ. ಆದರೆ ಅವುಗಳ ಮೇಲಿನ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಕಾಯ್ದೆಯ ಪ್ರಕಾರ ಮುಖ್ಯಮಂತ್ರಿಯೇ ಅಧ್ಯಕ್ಷರು. ಇಲಾಖೆಗಳ ಸಮನ್ವಯಕ್ಕೆ ಇದು ಅನುಕೂಲವೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಉತ್ತರ ಹೇಳಬೇಕಾದ ಮುಖ್ಯಮಂತ್ರಿಯನ್ನು ಪುಟ್ಟೇನಹಳ್ಳಿಯ ಚರಂಡಿಗಾಗಿ ಯಾರು ಹೊಣೆ ಮಾಡಿಯಾರು? ಎಲ್ಲಕ್ಕೂ ಹೊಣೆಯಾದವರನ್ನು ಒಂದಕ್ಕೆ ಹೊಣೆ ಮಾಡುವುದು ಸಾಧ್ಯವಾಗದು.

ಆದ್ದರಿಂದ ಆಗಬೇಕಾದ ಕೆಲಸಗಳು ಮೂರು. ಮೊದಲನೆಯದಾಗಿ, ವಾರ್ಡು ಗಡಿ ಗುರುತಿಸುವ ಅಧಿಕಾರವನ್ನು ಸರ್ಕಾರದ ಕೈಯಿಂದ ತೆಗೆಯಬೇಕು. ಕೇರಳದಲ್ಲಿ ಈ ಕೆಲಸ ರಾಜ್ಯ ಚುನಾವಣಾ ಆಯುಕ್ತರ ಅಧ್ಯಕ್ಷತೆಯ ಆಯೋಗದ್ದು. 1995ರಿಂದ ಅಲ್ಲಿ ಐದು ವರ್ಷಕ್ಕೊಮ್ಮೆ ಸ್ಥಳೀಯ ಚುನಾವಣೆಗಳು ನಡೆಯುತ್ತ ಬಂದಿವೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೇನಲ್ಲ. ಎರಡನೆಯದಾಗಿ, ವಾರ್ಡು ಸಮಿತಿಯ ಸಭೆಗೆ ಪಾಲಿಕೆಯ ಎಂಜಿನಿಯರ್ ಜೊತೆಗೆ ಜಲಮಂಡಳಿ, ವಿದ್ಯುತ್ ಕಂಪನಿ, ಕೆರೆಯಿದ್ದಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳೂ ಬಂದು ಲಿಖಿತ ಉತ್ತರ ಕೊಡುವುದು ಕಡ್ಡಾಯವಾಗಬೇಕು. ನಡಾವಳಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಬೇಕು. ಇಲಾಖೆಗಳು ಹಲವಿರಲಿ, ಬಾಗಿಲು ಒಂದಿರಲಿ. ಮೂರನೆಯದಾಗಿ, ಶಾಲೆಯ ಪೌರನೀತಿ ಪಾಠದಲ್ಲಿ ಸ್ವಂತ ಊರಿನ ಅಧ್ಯಾಯವೊಂದಿರಬೇಕು. ಮೇಯರ್ ಎಂದರೆ ಯಾರು ಎಂಬ ವ್ಯಾಖ್ಯೆಗಿಂತ, ನಿಮ್ಮ ಬೀದಿಯ ದೀಪ ಕೆಟ್ಟರೆ ಯಾರನ್ನು ಕೇಳುವಿರಿ ಎಂಬ ಪ್ರಶ್ನೆ ಮಕ್ಕಳಿಗೆ ಹೆಚ್ಚು ಕಲಿಸುತ್ತದೆ.

ಇಷ್ಟನ್ನು ಸರ್ಕಾರಕ್ಕೆ ಹೇಳಿ ಸುಮ್ಮನಾದರೆ ಅರ್ಧಸತ್ಯವಾದೀತು. 2010ರಲ್ಲೂ 2015ರಲ್ಲೂ ಬೆಂಗಳೂರಿನ ಮತದಾರರಲ್ಲಿ ಅರ್ಧಕ್ಕೂ ಕಡಿಮೆ ಮಂದಿ ಮತಗಟ್ಟೆಗೆ ಬಂದರು. ಟ್ಯಾಂಕರ್ ನೀರು, ಖಾಸಗಿ ಕಾವಲು, ಜನರೇಟರ್ ಇವುಗಳಿಂದ ನಾವು ಮಧ್ಯಮವರ್ಗದವರು ಪೌರಾಡಳಿತದಿಂದ ರಾಜೀನಾಮೆ ಕೊಟ್ಟವರಂತೆ ಬದುಕಿದ್ದೇವೆ. ಆ ರಾಜೀನಾಮೆಗೆ ಬೆಲೆಯಿಲ್ಲವೆಂಬುದನ್ನು ಕೇಂದ್ರೀಯ ವಿಹಾರದ ದೋಣಿಗಳು ತೋರಿಸಿವೆ.

ಆ ಭಾನುವಾರ ಹುಡುಗರಿಗೆ ಒಂದು ಮನೆಕೆಲಸ ಕೊಟ್ಟಿದ್ದೆ. ಒಂದು ಹಾಳೆಯಲ್ಲಿ ನಾಲ್ಕು ಖಾನೆ: ನನ್ನಿಂದ ಹಣ ಪಡೆಯುವವರು ಯಾರು, ಖರ್ಚು ಮಾಡುವವರು ಯಾರು, ಉತ್ತರ ಹೇಳುವವರು ಯಾರು, ಅವರನ್ನು ನಾನು ಯಾವಾಗ ಬದಲಾಯಿಸಬಹುದು. ಮುಂದಿನ ವಾರ, ವಿಡಿಯೋ ಮಾಡುವೆನೆಂದಿದ್ದ ಹುಡುಗಿ ಮೂರು ಕಚೇರಿಗಳನ್ನು ಅಲೆದು ಹಾಳೆ ತುಂಬಿ ತಂದಿದ್ದಳು. ಮೊದಲ ಎರಡು ಖಾನೆಗಳಲ್ಲಿ ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದಳು. ಮೂರನೆಯದರಲ್ಲಿ ದೂರವಾಣಿ ಸಂಖ್ಯೆಗಳಿದ್ದವು. ನಾಲ್ಕನೆಯದರಲ್ಲಿ ಶಾಸಕರ ಹೆಸರೊಂದೇ ಇತ್ತು. 'ಇಲ್ಲಿ ಇನ್ನೇನು ಬರೀಬೇಕು ಸರ್?' ಎಂದು ಕೇಳಿದಳು. ವಾರ್ಡು ಸದಸ್ಯರ ಹೆಸರು ಬರೆಯಬೇಕಮ್ಮ, ಜಾಗ ಬಿಟ್ಟಿರು ಎಂದೆ. ನಾಳೆ ಆ ಹುಡುಗಿ ಅಧಿಕಾರಿಯಾಗಿ ಯಾವುದೋ ಊರಿನ ಕಡತಕ್ಕೆ ಸಹಿ ಹಾಕುವವಳು. ಆಗ ಅವಳೆದುರು ಎದ್ದು ನಿಂತು 'ನೀವು ಯಾರನ್ನು ಕೇಳಿದಿರಿ?' ಎನ್ನುವ ಸದಸ್ಯರೊಬ್ಬರು ಸಭೆಯಲ್ಲಿರಬೇಕು. ಅವಳಿಗೂ ಅದು ಕ್ಷೇಮ, ಆ ಊರಿಗೂ ಕ್ಷೇಮ.